ತು ಬಂತು, ಕು ಬರಲಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಬಾಷಾ ಮಾಸ್ಟ್ರ ಹಲ್ಲು ಹೋಗಿದ್ದು ನನ್ನಿಂದ. ಕಿತ್ತಿದ್ದು ಡಾಕ್ಟ್ರು, ನಿಜ. ಕೀಳಿಸಿದ್ದು ನನ್ನ ವಾಯ್ಸ್ ನೋಟ್.

ಮಿಮಿಕ್ರಿ ನನ್ನ ಚಟ. ಕ್ಯಾತ್ಸಂದ್ರದ ಕಂಡಕ್ಟರ್, ಸೋದರಮಾವನ ಕೆಮ್ಮು, ಮಿಕ್ಸಿ, ಸ್ಟಾರ್ಟ್ ಆಗದ ಸ್ಕೂಟರ್ (ನನ್ನದೇ), ಎಲ್ಲವೂ ಈ ಬಾಯಲ್ಲೇ ವಾಸ. ಇನ್ನು ಟ್ರಂಪೆಟ್ ಯಾವ ಲೆಕ್ಕ ಎಂದುಕೊಂಡು ತುಮಕೂರಿನ ಮದುವೆ ಬ್ಯಾಂಡೊಂದಕ್ಕೆ ಸೇರಿದೆ.

ಅಲ್ಲಿ ಮುಖ್ಯ ಟ್ರಂಪೆಟ್ ಬಾಷಾ ಮಾಸ್ಟ್ರದು. ಅವರ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಊದುವಾಗ ಟ್ರಂಪೆಟ್ಟಿನ ಬಾಯಿ ಒತ್ತುವುದು ಸರಿಯಾಗಿ ಅಲ್ಲಿಗೇ. ಕೀಳಿಸಿದರೆ ಗಾಯ ಆರುವವರೆಗೆ ಊದುವಂತಿಲ್ಲ, ಅವರ ಜಾಗಕ್ಕೆ ಇದ್ದವನು ಕಲಿಯುತ್ತಿದ್ದ ನಾನೊಬ್ಬನೇ. ನೋವು ನುಂಗಿಕೊಂಡೇ ಊದುತ್ತಿದ್ದರು.

"ಡಬಲ್ಲು, ಟ್ರಿಪಲ್ಲು ನಿನ್ ನಾಲ್ಗೆಗೆ ಬಂದ್ ದಿನ ಕೀಳಿಸ್ಕೋತೀನಿ ಕಣೋ. ಅಲ್ಲೀವರ್ಗೂ ಇರ್ಲಿ," ಎನ್ನುತ್ತಿದ್ದರು ನನಗೆ.

ಏನಿದು ಡಬಲ್ಲು, ಟ್ರಿಪಲ್ಲು? ಊದುವಾಗ ನಾಲಿಗೆಯ ತುದಿ 'ತು' ಎಂದು ಗಾಳಿ ತಡೆದು ಬಿಟ್ಟರೆ ಒಂದು ಸ್ವರ. ವೇಗ ಹೆಚ್ಚಿದರೆ ತುದಿಯೊಂದಕ್ಕೇ ಸುಸ್ತು. ಆಗ ನಾಲಿಗೆಯ ಹಿಂಭಾಗವೂ 'ಕು' ಎಂದು ಜೊತೆಗೂಡಬೇಕು. ತು-ಕು ಡಬಲ್ಲು, ತು-ತು-ಕು ಟ್ರಿಪಲ್ಲು. ಬಾಯಲ್ಲಿ ಹೇಳಿ ನೋಡಿ, ಸುಲಭ. ಟ್ರಂಪೆಟ್ಟಿನಲ್ಲಿ? ತು ಗಟ್ಟಿಯಾಗಿ ಬರುತ್ತದೆ, ಕು ಸೋರಿಹೋಗುತ್ತದೆ.

"ತು ಬುಡು. ಬರೀ ಕು ಊದು. ಅದು ತು ಥರ ಕೇಳೋವರ್ಗೂ ಊದು," ಎಂದರು ಮಾಸ್ಟ್ರು.

ಊದಿದೆ. ಪಕ್ಕದ ಮನೆಯವರು ನಕ್ಕರು. ಬಿಟ್ಟೆ. (ಚಪ್ಪಾಳೆ ಬೀಳದ ಕಡೆ ನಾವು ಎಷ್ಟು ದಿನ ನಿಲ್ಲುತ್ತೇವೆ? ಜಿಮ್‌ಗೆ ಹೋಗುವ ನನ್ನ ಗೆಳೆಯರೆಲ್ಲ ತೋಳು ಬೆಳೆಸುತ್ತಾರೆ. ಕಾಲು ಹೇಗೂ ಪ್ಯಾಂಟಿನೊಳಗೆ.)

ಒಂದು ಸಂಜೆ ಟ್ರಂಪೆಟ್ ಪಕ್ಕಕ್ಕಿಟ್ಟು, ಬಾಯಲ್ಲೇ ಅದರ ದನಿ ತೆಗೆದು, ತು-ತು-ಕು ರೆಕಾರ್ಡ್ ಮಾಡಿ ಮಾಸ್ಟ್ರಿಗೆ ಕಳಿಸಿದೆ. ತಮಾಷೆಗೆ ಎಂದು ನನಗೆ ನಾನೇ ಹೇಳಿಕೊಂಡೆ. 'ಶಭಾಷ್' ಎಂದು ಉತ್ತರ ಬಂತು. ಆಗಲೂ ನಿಜ ಹೇಳಬಹುದಿತ್ತು. ಶಭಾಷ್ ಬಂದ ಮೇಲೆ ಯಾರು ಹೇಳುತ್ತಾರೆ?

ಮರುದಿನವೇ ಅವರು ಹಲ್ಲು ಕೀಳಿಸಿಕೊಂಡು ಬಂದರು.

ಆಮೇಲೆ ಗುಬ್ಬಿಯ ಮದುವೆ ಮೆರವಣಿಗೆ. ಮಾಸ್ಟ್ರು ಕೆನ್ನೆ ಊದಿಸಿಕೊಂಡು ಬ್ಯಾಂಡ್ ಗಾಡಿಯ ಮುಂದೆ ನಡೆಯುತ್ತಿದ್ದರು. ಗಾಡಿಯ ಮೇಲೆ ಮೈಕು, ನಾನು. ಹಿಂದೆ ಜನರೇಟರ್. ಡ್ರಮ್ಮುಗಳೆಲ್ಲ ನಿಂತು ಟ್ರಂಪೆಟ್ ಒಂದೇ ನುಡಿಯುವ ಜಾಗ ಬಂತು. ಟ್ರಂಪೆಟ್ ಬಾಯಿಗೆ ಮರೆಮಾಡಿ ಹಿಡಿದು ಮೈಕಿಗೆ ಮಿಮಿಕ್ರಿ ಶುರು ಮಾಡಿದೆ. ಜನ ಶಿಳ್ಳೆ ಹೊಡೆದರು. ಮಾಸ್ಟ್ರು ತಿರುಗಿ ನೋಡದೆ ತಲೆದೂಗಿದರು.

ಜನರೇಟರ್ ನಿಂತಿತು.

ಟ್ರಂಪೆಟ್ಟಿಗೆ ಕರೆಂಟ್ ಬೇಕೇ? ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳಿದ್ದು ನನ್ನ ಬರೀ ಬಾಯಿ: ತು-ತು-ಕು, ತು-ತು-ಕು. ಕುದುರೆ ಮೇಲಿದ್ದ ಮದುಮಗ ತಿರುಗಿ ನೋಡಿದ.

"ಏನಪ್ಪಾ, ಕೋಳಿಗೆ ಕಾಳು ಹಾಕ್ತಿದೀಯಾ?" ಎಂದರು ಒಬ್ಬರು ಅಜ್ಜಿ.

ಮಾಸ್ಟ್ರು ಬಂದು ಟ್ರಂಪೆಟ್ ಕಿತ್ತುಕೊಂಡರು. ತುಟಿಗೆ ತಾಗಿಸಿದರು. ಕಣ್ಣಲ್ಲಿ ನೀರು ಬಂತು, ಕೆಳಗಿಳಿಸಿದರು. ಡ್ರಮ್ಮಿನವರಿಗೆ ಸನ್ನೆ ಮಾಡಿದರು. ಉಳಿದ ದಾರಿಯಲ್ಲಿ ನಮ್ಮ ಮಾನ ಕಾದದ್ದು ಆ ಡ್ರಮ್ಮುಗಳೇ.

ವಾಪಸ್ ಬರುವಾಗ ಟೆಂಪೋದಲ್ಲಿ ಎಲ್ಲರಿಗೂ ಒಂದೇ ಚಿಂತೆ. ಮುಂದಿನ ವಾರ ಕುಣಿಗಲ್‌ನಲ್ಲಿ ಮದುವೆ, ಊದುವವರಿಲ್ಲ. ಹಲ್ಲಿಲ್ಲದೆ ಮಾಸ್ಟ್ರ ಮಾತೂ ಸೋರುತ್ತಿತ್ತು, ನನ್ನ ಕು ಥರ. ಬೇರೆ ದಿನವಾಗಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ನಗಿಸುತ್ತಿದ್ದೆ.

"ತಪ್ಪಾಯ್ತು ಮಾಸ್ಟ್ರೇ. ಬ್ಯಾಂಡ್ ಬಿಟ್ಬಿಡ್ತೀನಿ," ಎಂದೆ.

"ಕುಣಿಗಲ್‌ಗೆ ನೀನೇ ಊದ್ಬೇಕು ಕಣೋ," ಎಂದರು. "ಬುಡೋದಾದ್ರೆ ನನ್ ಹಲ್ಲು ಎಲ್ಲಿತ್ತೋ ಅಲ್ಲಿ ಇಟ್ಬುಟ್ಟು ಹೋಗು."