ಒಂದೇ ರಕ್ತ, ಎರಡು ಹೆಸರು

ನನ್ನ ನಿವೃತ್ತಿಗೆ ಇನ್ನು ಎಂಟು ತಿಂಗಳು ಉಳಿದಿದ್ದಾಗಿನ ಮಾತಿದು. ವಿಜಯಪುರದ ಮೂವತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ಲ್ಯಾಬ್ ಟೆಕ್ನೀಷಿಯನ್. ಇಬ್ರಾಹಿಂಪುರದ ಮನೆಯಿಂದ ಎಂಟಕ್ಕೆ ಹೊರಟು ಎಂಟೂವರೆಗೆ ಲ್ಯಾಬಿನ ಬಾಗಿಲು ತೆಗೆಯುತ್ತಿದ್ದೆ. ಹೆಸರು ಶಕೀಲಾ, ರೋಗಿಗಳೆಲ್ಲ ಗೌರವದಿಂದ ಕರೆಯುತ್ತಿದ್ದುದು 'ಬಾಯಾರು'. ಮೂವತ್ತೊಂದು ವರ್ಷ ಬರೀ ರಕ್ತ ನೋಡಿದವಳು ನಾನು. ಮದುವೆಮನೆಯಲ್ಲಿ ಎದುರಿಗೆ ಬಂದವರ ಮುಖ ಮರೆತು ಬೈಸಿಕೊಂಡಿದ್ದೇನೆ, ಆದರೆ ಒಮ್ಮೆ ಕಣ್ಣಿಟ್ಟು ನೋಡಿದ ರಕ್ತವನ್ನು ಮರೆತದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಹೌದು, ಜಂಬವೇ.

ಓದುಗರಿಗೆ ಒಂದೆರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಮ್ಮು, ಗಂಟಲುನೋವು, ಜ್ವರ ಎಂದು ಬಂದವರನ್ನು ನೋಡುವ ವೈದ್ಯರ ಮುಂದಿರುವ ಮುಖ್ಯ ಪ್ರಶ್ನೆ, ಇದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬುದು. ವೈರಸ್ ಆದರೆ ಆಂಟಿಬಯಾಟಿಕ್ ನುಂಗಿ ಉಪಯೋಗವಿಲ್ಲ. ಬ್ಯಾಕ್ಟೀರಿಯಾ ಆಗಿದ್ದು ತಡಮಾಡಿದರೆ ಜೀವಕ್ಕೇ ಕುತ್ತು. ರಕ್ತ ವೈರಸ್ಸಿನ ಹೆಸರು ಹೇಳುವುದಿಲ್ಲ, ಅದಕ್ಕೆ ಮೂಗಿನ ದ್ರವದ ಪರೀಕ್ಷೆ ಬೇಕು. ಆದರೆ ದೇಹ ಯಾರ ಜೊತೆ ಜಗಳಕ್ಕೆ ನಿಂತಿದೆ ಎಂಬ ಸುಳಿವನ್ನು ಕೊಡುತ್ತದೆ. ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆಗೆ ಟೋಟಲ್ ಕೌಂಟ್ ಎನ್ನುತ್ತೇವೆ. ದೊಡ್ಡವರಲ್ಲಿ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ನಾರ್ಮಲ್. ವೈರಸ್ ಜ್ವರದಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ ಅಥವಾ ಇದ್ದಲ್ಲೇ ಇರುತ್ತದೆ, ಬ್ಯಾಕ್ಟೀರಿಯಾ ಹೊಕ್ಕರೆ ಬಹುಮಟ್ಟಿಗೆ ಏರುತ್ತದೆ. ಇದರ ಜೊತೆಗೆ ಸಿಆರ್‌ಪಿ ಎಂಬ ಇನ್ನೊಂದು ಪರೀಕ್ಷೆ ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಸುತ್ತದೆ, ಸಾಮಾನ್ಯವಾಗಿ ಅದು ಹತ್ತರೊಳಗಿರಬೇಕು.

ನಾಗರ ಪಂಚಮಿ ಮುಗಿದ ಮರುದಿನ ಬಬಲೇಶ್ವರದ ಸವಿತಾ, ವಯಸ್ಸು ಇಪ್ಪತ್ತೆರಡು, ಎಂಬ ಚೀಟಿ ಅಂಟಿಸಿದ ಟ್ಯೂಬು ನನ್ನ ಮೇಜಿಗೆ ಬಂತು. ಎರಡು ದಿನದಿಂದ ಜ್ವರ, ಮೈಕೈ ನೋವು, ಒಣಕೆಮ್ಮು. ರಕ್ತ ತೆಗೆದವಳು ನರ್ಸ್, ಹಾಗಾಗಿ ಹುಡುಗಿಯ ಮುಖ ನಾನು ನೋಡಲಿಲ್ಲ. ಟೋಟಲ್ ಕೌಂಟ್ ಮೂರು ಸಾವಿರದ ನೂರು, ಸಿಆರ್‌ಪಿ ಆರು. ಎರಡೂ ವೈರಸ್ಸಿನ ಕಡೆಗೇ ಬೆರಳು ತೋರಿಸುತ್ತಿದ್ದವು. ಡಾಕ್ಟರು ಜ್ವರದ ಮಾತ್ರೆ, ವಿಶ್ರಾಂತಿ ಅಷ್ಟೇ ಬರೆದು, "ಜ್ವರ ಬಿಟ್ಟು ಮತ್ತೆ ಬಂದರೆ ತಡಮಾಡದೆ ಬನ್ನಿ" ಎಂದು ಅವಳ ತಾಯಿಗೆ ಹೇಳಿ ಕಳಿಸಿದರು. ತಪ್ಪಿಲ್ಲದ ಚಿಕಿತ್ಸೆ.

ನನ್ನದೊಂದು ಹಳೆಯ ಚಟ. ಯಂತ್ರ ಎಲ್ಲ ಅಂಕಿಗಳನ್ನು ಒಂದು ನಿಮಿಷದಲ್ಲಿ ಮುದ್ರಿಸಿ ಕೊಟ್ಟರೂ, ಜ್ವರದವರ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡದೆ ನನಗೆ ಸಮಾಧಾನವಿಲ್ಲ. "ಲಕ್ಷಗಟ್ಟಲೆ ಕೊಟ್ಟು ಮಷೀನ್ ತಂದೀನಿ, ನೀವು ಇನ್ನೂ ಗಾಜು ತಿಕ್ಕಾಕತ್ತೀರಿ" ಎಂದು ಆಸ್ಪತ್ರೆಯ ಯಜಮಾನರು ನಗುತ್ತಿದ್ದರು. ನಗಲಿ ಬಿಡಿ ಎಂದು ನಾನು ತಿಕ್ಕುತ್ತಲೇ ಇದ್ದೆ. ಸವಿತಾಳ ಗಾಜಿನಲ್ಲಿ ಒಂದು ವಿಶೇಷ ಕಂಡಿತು. ಕೆಂಪು ಕಣಗಳು ದುಂಡಗಿರಬೇಕು. ಇವಳವು ಅರ್ಧಕ್ಕರ್ಧ ಗೋಧಿ ಕಾಳಿನಂತೆ ಉದ್ದಕ್ಕಿದ್ದವು. ಇದಕ್ಕೆ ಇಲಿಪ್ಟೊಸೈಟ್ ಎಂದು ಹೆಸರು. ವಂಶದಲ್ಲಿ ಬರುವಂಥದ್ದು, ಹೆಚ್ಚಿನವರಿಗೆ ಏನೂ ತೊಂದರೆ ಕೊಡದು. ನನ್ನ ಇಡೀ ಸರ್ವಿಸಿನಲ್ಲಿ ಅಂಥದ್ದನ್ನು ಕಂಡದ್ದು ನಾಲ್ಕೈದು ಸಲ. ವರದಿಯಲ್ಲಿ ಬರೆದು, ಗಾಜನ್ನು ಪೆಟ್ಟಿಗೆಯಲ್ಲಿ ತೆಗೆದಿಟ್ಟೆ.

ಆರು ದಿನ ಕಳೆಯಿತು. ಹನ್ನೊಂದರ ಹೊತ್ತಿಗೆ ಬೇರೊಬ್ಬ ನರ್ಸ್ ತೆಗೆದ ಇನ್ನೊಂದು ಟ್ಯೂಬು ಬಂತು. ಹೊನವಾಡದ ಗಿರಿಜಾ, ವಯಸ್ಸು ಇಪ್ಪತ್ತೆರಡು, ಜ್ವರ ನಿನ್ನೆಯಿಂದ. ಕೌಂಟ್ ಒಂಬತ್ತು ಸಾವಿರದ ಆರುನೂರು. ಬ್ಯಾಕ್ಟೀರಿಯಾದ ಮೇಲೆ ಬೀಳುವ ನ್ಯೂಟ್ರೋಫಿಲ್ ಕಣಗಳು ಶೇಕಡಾ ಎಪ್ಪತ್ತೆಂಟು. ಸ್ವಲ್ಪ ಹೆಚ್ಚೇ, ಆದರೆ ಯಾವ ಜ್ವರದ ಮೊದಲ ದಿನವೂ ಅಷ್ಟು ಏರುವುದುಂಟು. ಸಿಆರ್‌ಪಿ ಕಿಟ್ ಹಿಂದಿನ ದಿನ ಮುಗಿದು ಹೊಸದು ಸಂಜೆಗೆ ಬರಬೇಕಿತ್ತು. ವರದಿ ಮೊದಲು ಕಳಿಸಿ, ಆಮೇಲೆ ಗಾಜು ನೋಡಲು ಕೂತೆ.

ಗೋಧಿ ಕಾಳು!

ಹಳೆಯ ಗಾಜನ್ನು ಹುಡುಕಿ ತೆಗೆದೆ. ಇದನ್ನಿಟ್ಟು ನೋಡಿದೆ, ಅದನ್ನಿಟ್ಟು ನೋಡಿದೆ. ಅದೇ ಉದ್ದ, ಅಷ್ಟೇ ಪ್ರಮಾಣ. ಎರಡೂ ಗಾಜು ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ನಡೆದೆ. ಡಾಕ್ಟರ್ ಪ್ರಸನ್ನ ಮೈಸೂರು ಕಡೆಯವರು, ಬಂದು ಮೂರು ತಿಂಗಳಾಗಿತ್ತು. ಹೋದ ವಾರ ಸವಿತಾಳನ್ನು ನೋಡಿದ್ದು ಇವರಲ್ಲ, ಬೇರೆ ಡಾಕ್ಟರು. ಜಾಣರು, ಆದರೆ ಅವಸರ.

"ಡಾಕ್ಟರ್, ಈ ಹುಡುಗಿ ಹೋದ ವಾರ ಬಂದಾಕಿನ ಅದಾಳ್ರಿ" ಎಂದು, ಎರಡೂ ಗಾಜಿನ ಗೋಧಿ ಕಾಳಿನ ವಿಷಯ, ಅದು ವಂಶದಲ್ಲಿ ಬರುವ ಅಪರೂಪದ ಗುಣವೆಂಬುದು, ಎಲ್ಲವನ್ನೂ ಹೇಳಿದೆ.

"ಹೆಸರು ಬೇರೆ, ಊರು ಬೇರೆ ಮೇಡಂ. ಅಕ್ಕ ತಂಗಿ ಇರಬಹುದಲ್ವಾ? ವಂಶದಲ್ಲಿ ಬರುತ್ತೆ ಅಂತ ನೀವೇ ಅಂದ್ರಿ. ಕೌಂಟ್ ನೋಡಿ, ನಾರ್ಮಲ್ ಇದೆ. ವೈರಲ್ಲೇ. ಔಷಧಿ ಬರೆದು ಕಳಿಸ್ದೆ."

ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಯಾರಿಗೆ ನಾರ್ಮಲ್ರೀ?" ಎಂದೆ. "ಬ್ಯಾರೆ ಯಾರರೆ ಆಗಿದ್ರ ಒಂಬತ್ತು ಸಾವಿರ ನಾರ್ಮಲ್. ಆರು ದಿನದ ಹಿಂದ ಮೂರು ಸಾವಿರ ಇದ್ದಾಕಿಗೆ ಮೂರು ಪಟ್ಟು ಆಗ್ಯಾದ!"

ಹಾಗೆ ಎನ್ನುತ್ತಿರುವಾಗಲೇ ಅವರ ಮಾತು ತಲೆಯಲ್ಲಿ ಮತ್ತೆ ಹೊಳೆಯಿತು. ಹೆಸರು ಬೇರೆ, ಊರು ಬೇರೆ. ನಮ್ಮ ಕಡೆ ಹೆಸರೂ ಊರೂ ಒಂದೇ ದಿನ ಬದಲಾಗುವುದು ಯಾರಿಗೆ? ಮದುಮಗಳಿಗೆ! ನಮ್ಮ ಮನೆತನಗಳಲ್ಲಿ ಆ ಪದ್ಧತಿ ಇಲ್ಲ, ಆದರೆ ಪಕ್ಕದ ಮನೆಯ ಮದುವೆಯಲ್ಲಿ ಕಣ್ಣಾರೆ ಕಂಡಿದ್ದೆ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆದಿದ್ದರು. ಮೈಸೂರು ಕಡೆಯ ಡಾಕ್ಟರಿಗೆ ಇದು ಹೇಗೆ ಗೊತ್ತಿರಬೇಕು?

ಹೊರಗೆ ಓಡಿದೆ. ಗಿರಿಜಾ ಮತ್ತು ಅವಳ ಅತ್ತೆ ಇಬ್ಬರೂ ಔಷಧಿ ತೆಗೆದುಕೊಂಡು, ಹೊನವಾಡದ ಬಸ್ಸು ಹಿಡಿಯಲು ಗೇಟಿನ ಹತ್ತಿರ ಹೋಗಿಬಿಟ್ಟಿದ್ದರು. ಅತ್ತೆ ಶಾಂತವ್ವ ಎತ್ತರದ ಆಳು, ದನಿಯೂ ಗಡಸು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಿಡ್ಡ ಗಿಡ್ಡ ಉಸಿರು ಬಿಡುತ್ತಿದ್ದಳು. ಕೈಯಲ್ಲಿ ಇನ್ನೂ ಮದುವೆಯ ಹಸಿರು ಬಳೆ.

ಹುಡುಗಿಯನ್ನು ಒಂಟಿಯಾಗಿ ಕೇಳಬೇಕೆಂದು, "ನೀವು ಇಲ್ಲೇ ನೆರಳಾಗ ಕುಂದರ್ರಿ, ಇಕಿನ್ನ ಒಂದು ನಿಮಿಷ ಕರಕೊಂಡು ಹೋಗ್ತೀನಿ" ಎಂದೆ.

"ನನ್ನ ಸೊಸಿನ್ನ ಬಿಟ್ಟು ನಾ ಎಲ್ಲೂ ಕುಂದರಂಗಿಲ್ರಿ" ಎಂದಳು ಶಾಂತವ್ವ.

ಬೇರೆ ದಾರಿ ಉಳಿಯಲಿಲ್ಲ. "ನಿನ್ನ ತವರಮನಿ ಹೆಸರೇನವಾ?" ಎಂದು ಹುಡುಗಿಯನ್ನೇ ಕೇಳಿದೆ.

"ಹೆಸರಿಗೂ ರಕ್ತಕ್ಕೂ ಏನ್ ಸಂಬಂಧರಿ ಬಾಯಾರ?" ಎಂದು ಅತ್ತೆ ನಡುವೆ ಬಂದಳು.

ಹುಡುಗಿ ಅತ್ತೆಯ ಮುಖ ನೋಡಿದಳು, ನೆಲ ನೋಡಿದಳು. "ಸವಿತಾ ರಿ" ಎಂದಳು. ಆಮೇಲೆ ಅಳುತ್ತಾ ಎಲ್ಲವನ್ನೂ ಹೇಳಿದಳು. ಪಂಚಮಿಗೆ ತವರಿಗೆ ಹೋದಾಗ ಜ್ವರ ಬಂದಿತ್ತು. ನಾಲ್ಕನೆಯ ದಿನ ಬಿಟ್ಟಿತ್ತು. ಗಂಡನ ಮನೆಗೆ ಮರಳಿದ ಮೇಲೆ ಮತ್ತೆ ಬಂತು, ಜೊತೆಗೆ ಬಲಗಡೆ ಎದೆ ಚುಚ್ಚುನೋವು. "ಹೊಸಾ ಸೊಸಿ ಬ್ಯಾನಿ ಹಚಗೊಂಡು ಬಂದಾಳ ಅಂತಾರು, ಮನ್ಯಾಗ ಹೇಳಬ್ಯಾಡ ಅಂದಿದ್ಳ್ರಿ ನಮ್ಮವ್ವ" ಎಂದಳು.

ಶಾಂತವ್ವ ಸಿಡಿದೇಳುತ್ತಾಳೆಂದು ನಾನು ಗಟ್ಟಿಯಾಗಿ ನಿಂತೆ. ಸಿಡಿದಳು ನಿಜ. "ನಾ ಏನ್ ಹುಲಿ ಅದೀನೇನ ಬೇ, ನಿನ್ನ ತಿನ್ನಾಕ? ಎದಿ ಚುಚ್ಚಾಕತ್ತೈತಿ ಅಂತ ನನ್ನ ಮುಂದ ಹೇಳಬಾರದ?" ಎನ್ನುತ್ತಲೇ ಸೊಸೆಯನ್ನು ತೋಳಿನಿಂದ ಹಿಡಿದು, ಬಸ್ಸಿನ ಕಡೆಗಲ್ಲ, ಆಸ್ಪತ್ರೆಯ ಒಳಕ್ಕೆ ನಡೆಸಿದಳು.

ಡಾಕ್ಟರ್ ಪ್ರಸನ್ನ ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ವೈರಸ್ ಜ್ವರ ಬಿಟ್ಟು, ನಡುವೆ ಆರಾಮ ಎನಿಸಿ, ಮತ್ತೆ ಜ್ವರ ಬಂದರೆ ಸೋತ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಹೊಕ್ಕಿರುವ ಸಂಭವ ಹೆಚ್ಚು. ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿತ್ತು. ನ್ಯುಮೋನಿಯಾ. ಕೂಡಲೇ ರಕ್ತನಾಳಕ್ಕೆ ಆಂಟಿಬಯಾಟಿಕ್ ಹಚ್ಚಿದರು. ಸಂಜೆ ಕಿಟ್ ಬಂದಾಗ ಸಿಆರ್‌ಪಿ ನೂರಾ ನಲವತ್ತೆಂಟು. ಅದೇ ಹೊತ್ತಿಗೆ ಅವಳ ಆಕ್ಸಿಜನ್ ಮಟ್ಟ ತೊಂಬತ್ತೈದರಿಂದ ಎಂಬತ್ತೊಂಬತ್ತಕ್ಕೆ ಇಳಿಯಿತು. ಮಂಚದ ಪಕ್ಕದಲ್ಲೇ ಆಕ್ಸಿಜನ್ ಇತ್ತು, ಹಚ್ಚಿದರು. ಆ ಹೊತ್ತಿಗೆ ಹುಡುಗಿ ಹೊನವಾಡದ ಮನೆಯಲ್ಲಿ ಕೆಮ್ಮಿನ ಔಷಧಿ ಕುಡಿದು ಮಲಗಿದ್ದರೆ ಏನಾಗುತ್ತಿತ್ತೋ!

ಏಳನೆಯ ದಿನ ಅವಳು ನಡೆದುಕೊಂಡೇ ಮನೆಗೆ ಹೋದಳು. ಅತ್ತೆ, ತಾಯಿ ಇಬ್ಬರೂ ಬಂದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಒಂದೇ ಬುತ್ತಿಯಲ್ಲಿ ರೊಟ್ಟಿ ಉಂಡರು. ಡಾಕ್ಟರ್ ಪ್ರಸನ್ನ ಲ್ಯಾಬಿನ ತನಕ ಬಂದು, "ಮೇಡಂ, ಯಾರಿಗೆ ನಾರ್ಮಲ್ ಅಂತ ಇನ್ಮೇಲೆ ಕೇಳ್ಕೋತೀನಿ" ಎಂದರು. ಯಜಮಾನರು ಮತ್ತೆಂದೂ ನನ್ನ ಗಾಜಿನ ಬಗ್ಗೆ ನಗಲಿಲ್ಲ. ಅಂದು ನಾನು ಇಬ್ರಾಹಿಂಪುರಕ್ಕೆ ತಲೆಯೆತ್ತಿ ನಡೆದು ಹೋದೆ, ಆಟೋ ಹತ್ತಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇದು. ಕಾಗದದ ಮೇಲೆ ಅಚ್ಚಾದ ನಾರ್ಮಲ್ ಊರ ಮಂದಿಯದು, ಎದುರಿಗಿರುವ ಮನುಷ್ಯನದಲ್ಲ. ಇಂದಿನ ರಕ್ತ ಅರ್ಥವಾಗಬೇಕಾದರೆ ನಿನ್ನೆಯ ರಕ್ತ ಬೇಕು, ನಿನ್ನೆಯ ರಕ್ತ ಸಿಗಬೇಕಾದರೆ ನಿನ್ನೆಯ ಹೆಸರು ಬೇಕು. ನಾನೇ ಹಟ ಹಿಡಿದು ನಮ್ಮ ಲ್ಯಾಬಿನ ಚೀಟಿಯಲ್ಲಿ ಒಂದು ಸಾಲು ಹೆಚ್ಚು ಹಾಕಿಸಿದೆ: ತವರುಮನೆಯ ಹೆಸರು.

ನಿವೃತ್ತಿಯ ಹಿಂದಿನ ವಾರ ಶಾಂತವ್ವ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದಳು, ನನಗೆಂದು ಒಂದು ಚೀಲ ಒಣದ್ರಾಕ್ಷಿ ಹಿಡಿದುಕೊಂಡು. ಚೀಟಿ ತುಂಬುತ್ತಾ ಆ ಸಾಲಿಗೆ ಬಂದು ಕೇಳಿದೆ. ಆ ಗಡಸು ದನಿಯ ಹೆಂಗಸು ದ್ರಾಕ್ಷಿಯ ಚೀಲವನ್ನು ಮೇಜಿನ ಮೇಲಿಟ್ಟಳು. ನಲವತ್ತು ವರ್ಷವಾಯಿತಂತೆ, ಅದನ್ನು ಯಾರೂ ಕೇಳಿರಲಿಲ್ಲವಂತೆ.

"ಬರಕೋರಿ ಬಾಯಾರ" ಎಂದಳು ಮೆಲ್ಲಗೆ. "ಚಂಪಾ."