ಗಂಟೆ ಬಾರಿಸಿದರೆ ಟೀಚರ್

ಹುಣಸೆಹಣ್ಣು ಹಚ್ಚಿ ದೇವರ ಗಂಟೆ ತಿಕ್ಕುತ್ತಾ ಕೂತಿದ್ದೇನೆ. ಹಬ್ಬವೇನೂ ಹತ್ತಿರವಿಲ್ಲ. ಮಗಳಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಮರ್ಯಾದೆಯ ಕೆಲಸ ಸಿಗಲಿಲ್ಲ, ಅಷ್ಟೇ. ಪಾರ್ಲೆಯ ಕಾಲೇಜಿಗೆ ಹೋಗುವ ಚಿಕ್ಕ ಮಗಳು ಮುಕ್ತಾ ನನಗೆ ಮೊಬೈಲಿನಲ್ಲಿ ಲೋಕಲ್ ರೈಲಿನ ಟಿಕೆಟ್ ತೆಗೆಯುವುದನ್ನು ಕಲಿಸಲು ಹೊರಟಿದ್ದಾಳೆ. “ಅಮ್ಮಾ, ಫಿರ್ ಸೇ ಬ್ಯಾಕ್ ಒತ್ತಿದಿ! ಎಷ್ಟ ಸಲ ಹೇಳ್ಬೇಕ ನಿನಗ?” ಅವಳು ದನಿ ಏರಿಸಿದಷ್ಟೂ ನನ್ನ ಬೆರಳು ತಪ್ಪು ಜಾಗಕ್ಕೇ ಹೋಗುತ್ತದೆ. ಕಡೆಗೆ ದೇವರ ಸಾಮಾನು ಕಪ್ಪಾಗಿದೆ ಎಂದು ನೆಪ ಹೇಳಿ ಎದ್ದು ಬಂದೆ.

ನೀವು ನಗಬಾರದು, ಈ ಗಂಟೆ ಒಂದು ಕಾಲಕ್ಕೆ ನಮ್ಮ ಶಾಲೆಯ ಗಂಟೆಯಾಗಿತ್ತು. ಭಾಂಡುಪಿನ ಇದೇ ಎರಡು ಕೋಣೆಯ ಮನೆಯಲ್ಲಿ ನನ್ನಿಬ್ಬರು ಹೆಣ್ಣುಮಕ್ಕಳಿಗೆ ನಾನೇ ಪಾಠ ಹೇಳುತ್ತಿದ್ದೆ. ದೊಡ್ಡವಳು ಅಪೂರ್ವಾ ಶಾಲೆಯ ವ್ಯಾನ್ ಕಂಡರೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಅವಳನ್ನು ಬಿಡಿಸಿ, ಚಿಕ್ಕವಳನ್ನು ಸೇರಿಸದೆ, “ನಾನ ಕಲಸ್ತೀನಿ, ಅದರಾಗೇನದ?” ಅಂದುಬಿಟ್ಟೆ. ಅದರಲ್ಲಿ ಏನೇನಿದೆ ಅನ್ನುವುದು ಒಂದೇ ವಾರದಲ್ಲಿ ಗೊತ್ತಾಯಿತು. ಕೂಡಿಸುವ ಲೆಕ್ಕ ಶುರುಮಾಡಿದರೆ ಒಬ್ಬಳಿಗೆ ಹಸಿವು, ಇನ್ನೊಬ್ಬಳಿಗೆ ನೀರಡಿಕೆ, ಇಬ್ಬರಿಗೂ ಸೇರಿ ಒಂದು ಜಗಳ. ಬಾಗಿಲು ತೆಗೆದರೆ ಪಕ್ಕದ ಮನೆಯ ಕಾಕೂ, “ಆಜ್ ಪಣ್ ಶಾಳಾ ನಾಹೀ ಕಾ?”, ಇವತ್ತೂ ಶಾಲೆ ಇಲ್ಲವಾ ಎಂದು ದಿನಾ ಕೇಳುವವರು, ಪ್ರತಿ ದಿನವೂ ಹೊಸದಾಗಿ ಕೇಳಿದ ಹಾಗೆ.

ತಲೆ ಕೆಟ್ಟು ಒಂದು ಕಾಯಿದೆ ಮಾಡಿದೆ. ಹತ್ತಕ್ಕೆ ಗಂಟೆ ಬಾರಿಸಿದರೆ ನಾನು ಟೀಚರ್. ಹನ್ನೆರಡಕ್ಕೆ ಮತ್ತೆ ಬಾರಿಸಿದರೆ ಅಮ್ಮ. ನಡುವೆ ಅಮ್ಮಾ ಎಂದು ಕರೆಯುವಂತಿಲ್ಲ. ಮಕ್ಕಳು ಕಾಯಿದೆಯನ್ನು ನನಗಿಂತ ಚೆನ್ನಾಗಿ ಪಾಲಿಸಿದರು. ಒಂದು ದಿನ ಅಪೂರ್ವಾ ಕೈ ಎತ್ತಿ ನಿಂತು, “ಟೀಚರ್, ನಮ್ಮ ಅಮ್ಮನ ಕುಕ್ಕರ್ ಆಗಿಂದ ಸೀಟಿ ಹೊಡ್ಯಾಕತ್ತದ,” ಅಂದಳು. ಬೇಳೆ ತಳ ಹಿಡಿದಿತ್ತು. ಧಾರವಾಡದಿಂದ ಬಂದ ಅತ್ತೆ ಮಂಗಳಾರತಿಗೆ ಗಂಟೆ ಬಾರಿಸಿದರೆ ಇಬ್ಬರೂ ಪಾಟಿ ಬಳಪ ಹಿಡಿದು ಓಡಿ ಬಂದು ದೇವರ ಮುಂದೆ, “ಗುಡ್ ಮಾರ್ನಿಂಗ್ ಟೀಚರ್!” ಅತ್ತೆ ನನ್ನ ಕಡೆ ತಿರುಗಿ, “ಏನವಾ, ದೇವರಿಗೂ ಹಾಜರಿ ಕೊಡಸ್ತೀಯೇನ?” ಎಂದರು.

ಸುಖವೂ ಇತ್ತು, ಸುಳ್ಳು ಹೇಳಬಾರದು. ಊರ ಮಕ್ಕಳೆಲ್ಲ ಬೆಂಚಿನ ಮೇಲೆ ಕೂತಿರುವ ಮಧ್ಯಾಹ್ನದಲ್ಲಿ ನಾವು ಮೂವರು ಖಾಲಿ ಲೋಕಲ್ಲಿನಲ್ಲಿ ಕಿಟಕಿ ಪಕ್ಕ ಕೂತು ಸ್ಟೇಷನ್ ಬೋರ್ಡು ಓದುತ್ತಾ ಹೋಗುತ್ತಿದ್ದೆವು. ಕಾಂಜುರ್, ವಿಕ್ರೋಳಿ, ಘಾಟ್‌ಕೋಪರ್… ಮುಕ್ತಾ ಎಲ್ಲರಿಗಿಂತ ಮುಂಚೆ ಕೂಗುವಳು. ನಾನು ಉಬ್ಬಿಹೋಗಿದ್ದೆ. ಆಮೇಲೆ ತಿಳಿಯಿತು, ಅವಳು ಬೋರ್ಡನ್ನು ಓದುತ್ತಲೇ ಇರಲಿಲ್ಲ, ಗಾಡಿಯಲ್ಲಿ ಕೂಗುವುದನ್ನು ಬಾಯಿಪಾಠ ಮಾಡಿದ್ದಳು. ಪಾಟಿಯ ಮೇಲೆ ಅದೇ ಹೆಸರು ಬರೆದು ತೋರಿಸಿದರೆ ನೆಲ ನೋಡುತ್ತಿದ್ದಳು. ಏಳು ತುಂಬಿತ್ತು. ಒಂದಕ್ಷರ ಬಾಯಿಂದ ಹೊರಡುತ್ತಿರಲಿಲ್ಲ.

ನನ್ನ ಗಂಡ ಶಾಂತ ಮನುಷ್ಯ. ಅವರೂ ಅಂದರು, “ದೀಪಾವಳಿ ತನಕಾ ನೋಡೂಣು. ಇಕಿಗೆ ಓದಾಕ ಬರಲಿಲ್ಲಂದ್ರ ಇಬ್ಬರನೂ ಸಾಲಿಗೆ ಹಾಕಿಬಿಡೂಣು.” ಅಪೂರ್ವಾ ಮತ್ತೆ ವ್ಯಾನ್ ಹತ್ತಬೇಕು. ನನ್ನ ಹಟಕ್ಕೆ ಕೂಸಿನ ವರ್ಷ ಹಾಳಾಯಿತೇ ಎಂಬ ಭಯ ನನಗೆ. ಭಯ ಹೆಚ್ಚಿದಷ್ಟು ಟೀಚರ್ ಕೂಗಿದಳು, ಟೀಚರ್ ಕೂಗಿದಷ್ಟು ಮುಕ್ತಾಳ ಬಾಯಿ ಕಟ್ಟಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ.

ಒಂದು ದಿನ ಹನ್ನೆರಡರ ಗಂಟೆ ಬಾರಿಸಿ, ಸಿಟ್ಟಿನಲ್ಲೇ ಅಡುಗೆಮನೆಗೆ ಬಂದು ಅವಲಕ್ಕಿ ತೆಗೆಯುತ್ತಿದ್ದೆ. ಮುಕ್ತಾ ಹಿಂದೆಯೇ ಬಂದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಅಳತೊಡಗಿದಳು.

“ಅಮ್ಮಾ, ಆ ಟೀಚರ್ ಭಾಳ ಬೈತಾಳ. ಅಕೀನ್ನ ತಗದಬಿಡು.”

“ನಿನಗ ಓದಾಕ ಬರಂಗಿಲ್ಲಂತ ಬೈತಾಳವಾ.”

“ನನಗ ಬರ್ತದ. ಅಕಿ ಮುಂದ ಬರೂದಿಲ್ಲ.”

ಅಷ್ಟು ಹೇಳಿ ಮೂಗು ಒರೆಸಿಕೊಂಡು ನನ್ನ ಕೈಯಲ್ಲಿದ್ದ ಪಾಕೀಟಿನ ಮೇಲೆ ಬೆರಳಿಟ್ಟಳು. “ಜಾ… ಡ… ಪೋ… ಹೇ.” ದಪ್ಪ ಅವಲಕ್ಕಿಗೆ ಇಲ್ಲಿಯ ಹೆಸರು, ಯಾವ ಲೋಕಲ್ಲಿನಲ್ಲೂ ಕೂಗದ ಸ್ಟೇಷನ್ ಅದು. ನನಗೆ ಅಳು ಬಂತು, ಅದರ ಹಿಂದೆಯೇ ಇಷ್ಟು ದಿನ ಸತಾಯಿಸಿದಳಲ್ಲ ಎಂದು ಸಿಟ್ಟೂ ಬಂತು.

ಮರುದಿನದಿಂದ ಗಂಟೆ ದೇವರಿಗೇ ಉಳಿಯಿತು. ಪಾಠಗಳು ಒಲೆಯ ಪಕ್ಕದಲ್ಲಿ, ಹಿಟ್ಟಿನ ಕೈಯಲ್ಲಿ, ಹೇಗೋ ನಡೆದವು. ದೀಪಾವಳಿಗೆ ಮುಕ್ತಾ ಕಡಲೆಹಿಟ್ಟಿನ ಪಾಕೀಟು ಓದಿದ್ದನ್ನು ಕೇಳಿ ಗಂಡ ಶಾಲೆಯ ಮಾತು ತೆಗೆಯಲಿಲ್ಲ. ಮುಂದೆ ಇಬ್ಬರೂ ದೊಡ್ಡವರಾಗಿ ತಾವೇ ಕೇಳಿ ಶಾಲೆಗೆ ಹೋದರು. ಕಾಕೂ ಆಗಲೂ, “ಆತಾ ಶಾಳಾ ಕಾ?”, ಈಗ್ಯಾಕೆ ಶಾಲೆ ಎಂದರು.

“ಅಮ್ಮಾ! ಕಿತನಾ ಟೈಮ್? ಬಾ, ಇನ್ನೊಮ್ಮೆ ಮಾಡು!” ಒಳಗಿಂದ ಕೂಗು ಬಂತು.

ಗಂಟೆ ಫಳಫಳ ಹೊಳೆಯುತ್ತಿತ್ತು. ಇನ್ನು ತಿಕ್ಕಲು ಏನೂ ಉಳಿದಿರಲಿಲ್ಲ. ಏನನ್ನಿಸಿತೋ, ಎತ್ತಿ ಬಾರಿಸಿಬಿಟ್ಟೆ.

ಮುಕ್ತಾ ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದಳು, “ಆ ಟೀಚರ್ ಭಾಳ ಬೈದ್ಲೇನಮ್ಮಾ?”

“ಹೂಂ,” ಅಂದೆ. “ನನಗ ಬರ್ತದವಾ. ಅಕಿ ಮುಂದ ಬರೂದಿಲ್ಲ.”