ಪವಿತ್ರಳ ಚಿಟ್ಟೆ

ಶಿಡ್ಲಘಟ್ಟದ ಪವಿತ್ರ ರೇಷ್ಮೆಹುಳುವಿನ ಕಥೆಯನ್ನು ಬ್ಯಾಲೆ ಮಾಡಿದ್ದಾಳೆ. ಹನ್ನೊಂದು ವರ್ಷದಲ್ಲಿ ಅದು ಐದೇ ಸಲ ವೇದಿಕೆ ಹತ್ತಿದೆ. ಐದಕ್ಕೂ ನಾನು ಹೋಗಿದ್ದೇನೆ, ಐದಕ್ಕೂ ಹೊತ್ತಿಗೆ ಮುಂಚೆ ಹೋಗಿ ಕೂತಿದ್ದೇನೆ. ಮೊದಲ ನಾಲ್ಕು ಸಲ ಅದು ಕೊನೆ ಮುಟ್ಟಲಿಲ್ಲ. ಅದರಲ್ಲಿ ಮೊದಲ ಸಲದ ತಪ್ಪು ನನ್ನದು. ಮಿಕ್ಕ ಮೂರಕ್ಕೆ ನಾನು ಹೊಣೆಯಲ್ಲ.

ಪವಿತ್ರ ಟೈಲರ್ ಕೋನಪ್ಪನ ಮಗಳು. ಚಿಕ್ಕವಳಿದ್ದಾಗ ವಾರಕ್ಕೆರಡು ದಿನ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಕುಣಿತ ಕಲಿತಳು. ಕೋನಪ್ಪ ಗಿರಾಕಿಗಳ ರವಿಕೆ ಬದಿಗಿಟ್ಟು ಮಗಳ ಉಡುಪು ಹೊಲಿಯುತ್ತಿದ್ದ. ಅದಕ್ಕೆ ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದ, ಬೈದವರಲ್ಲಿ ನಾನೂ ಒಬ್ಬಳು. ನನ್ನ ರವಿಕೆ ಯುಗಾದಿಗೆ ಕೊಡುತ್ತೇನೆಂದು ಶ್ರೀರಾಮನವಮಿ ಕಳೆದ ಮೇಲೆ ಕೊಟ್ಟ. ಈಗ ಅಂಗಡಿಯ ಮೇಲಿನ ಕೋಣೆಯಲ್ಲಿ ಪವಿತ್ರ ಮಕ್ಕಳಿಗೆ ಕಲಿಸುತ್ತಾಳೆ. ಗಂಡ ಅಂಬರೀಶ ಹೈಸ್ಕೂಲಿನಲ್ಲಿ ಗುಮಾಸ್ತ, ಒಳ್ಳೆಯವನು. ಕಾರ್ಯಕ್ರಮದ ದಿನ ಲ್ಯಾಪ್‌ಟಾಪಿನ ಮುಂದೆ ಕೂತು ಹಾಡು ಬಿಡುವ ಕೆಲಸ ಅವನದು.

ಈ ಬ್ಯಾಲೆಯಲ್ಲಿ ಮಾತಿಲ್ಲ. ಮೊಟ್ಟೆ ಒಡೆಯುವುದು, ಹುಳುವಿನ ನಾಲ್ಕು ಜ್ವರ, ಮೇವು ಮುಗಿಸಿ ಹಣ್ಣಾದ ಹುಳು ಚಂದ್ರಿಕೆಯ ಬಿದಿರು ತಟ್ಟಿ ಹತ್ತುವುದು, ಗೂಡು ಕಟ್ಟುವುದು, ಆಮೇಲೆ ಚಿಟ್ಟೆ, ಎಲ್ಲ ಕುಣಿತದಲ್ಲೇ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗದೆ ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಒಟ್ಟು ಮುಕ್ಕಾಲು ಗಂಟೆ. ಚಿಟ್ಟೆಯದು ಕೊನೆಯ ಏಳು ನಿಮಿಷ, ಅದನ್ನು ಪವಿತ್ರ ಒಬ್ಬಳೇ ಮಾಡಬೇಕು.

ಮೊದಲ ಸಲ ನಾನು ಹೋದದ್ದು ಹುಳುವಿನ ಕಥೆ ಎಂದು ಕೇಳಿ. ನನ್ನವರು ಇದ್ದಾಗಲೂ, ಹೋದ ಮೇಲೂ ಸೇರಿ ಮೂವತ್ತೆಂಟು ವರ್ಷ ಹುಳು ಸಾಕಿದವಳು ನಾನು. ನನ್ನ ಕಸುಬನ್ನು ಹೇಗೆ ಕುಣಿಯುತ್ತಾರೆ ನೋಡೋಣ ಎಂದು ಮಡಿಲಲ್ಲಿ ಒಂದು ಕನಕಾಂಬರದ ಹಾರ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಮೂರನೇ ಜ್ವರದವರೆಗೆ ಬಾಯಿ ಮುಚ್ಚಿಕೊಂಡಿದ್ದೆ. ನಾಲ್ಕನೇ ಜ್ವರದಲ್ಲಿ ಹುಡುಗಿಯರು ಸೊಪ್ಪು ಹಿಡಿದು ತಿನ್ನುವ ಹಾಗೆ ಮಾಡಿದರು. ಅಯ್ಯೋ ಎಂದು ಬಾಯಿಬಿಟ್ಟೆ. ಆದರೆ ಗೂಡು ಕಟ್ಟುವ ಭಾಗ ಬಂದಾಗ ಪವಿತ್ರ ಬಿಳೀ ದಾರವನ್ನು ಮೈಸುತ್ತ ಸುತ್ತಿಕೊಂಡ ರೀತಿ ಇತ್ತಲ್ಲ, ತಲೆ ಆ ಕಡೆ ಈ ಕಡೆ ಎಂಟರ ಅಂಕಿಯ ಹಾಗೆ ಆಡಿಸುತ್ತ, ಅದು ಹುಳುವೇ. ನನ್ನ ಕೈ ತಡೆಯಲಿಲ್ಲ.

ನಮ್ಮೂರ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿ ಚೆನ್ನಾಗಿ ಮಾಡಿದರೆ ನಾವು ಕಾಯುವುದಿಲ್ಲ. ಹಾಡಿನ ನಡುವೆಯೇ ವೇದಿಕೆ ಹತ್ತಿ ಹಾರ ಹಾಕುತ್ತೇವೆ. ರಾಜನಾದವನು ಯುದ್ಧ ನಿಲ್ಲಿಸಿ ಕೈ ಮುಗಿದು, ಹಾರ ಹಾಕಿಸಿಕೊಂಡು, ಮತ್ತೆ ಕತ್ತಿ ಹಿಡಿಯುತ್ತಾನೆ. ಹಾರ ಬೀಳದ ನಟನಿಗೆ ಅವತ್ತು ಮರ್ಯಾದೆಯಿಲ್ಲ. ನಾನು ಮೆಟ್ಟಿಲು ಹತ್ತಿ ಹೋಗಿ ಪವಿತ್ರಳ ಕೊರಳಿಗೆ ಹಾರ ಹಾಕಿದೆ. ಹಾಕುತ್ತ ಕಿವಿಯಲ್ಲಿ ಹೇಳಿದೆ.

“ಬಲು ಚೆನ್ನಾಗಿ ಮಾಡ್ತಿದೀಯ ಕಣಮ್ಮ. ಆದ್ರೆ ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಲ್ಲ.”

ಹಾರದ ದಾರವೂ ಗೂಡಿನ ದಾರವೂ ಗಂಟಾದವು. ನಾನು ಬಿಡಿಸಲು ಹೋದೆ, ಇನ್ನೂ ಬಿಗಿಯಾಯಿತು. ಹಾಡು ತನ್ನಷ್ಟಕ್ಕೆ ಮುಂದೆ ಓಡಿತು. ಹಿಂದಿದ್ದ ಹುಡುಗಿಯರು ಲೆಕ್ಕ ತಪ್ಪಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಪರದೆ ಎಳೆದರು. ಜನ ಚಪ್ಪಾಳೆ ಹೊಡೆದರು, ಮುಗಿಯಿತು ಎಂದುಕೊಂಡು.

ಮಾರನೆಯ ದಿನ ಬೆಳಗ್ಗೆ ಪವಿತ್ರ ನಮ್ಮ ಮನೆ ಬಾಗಿಲಿಗೆ ಬಂದಳು. ಬೈಯುವುದಕ್ಕೇ ಬಂದಳು ಎಂದುಕೊಂಡು ನಾನೂ ತಯಾರಾದೆ.

“ಜ್ವರದಲ್ಲಿ ಹುಳ ಮತ್ತೆ ಹೆಂಗಿರತ್ತೆ ಕದಿರಮ್ಮ? ತೋರಿಸ್ತೀರಾ?” ಎಂದಳು.

ಮೂರು ಬೆಳೆ ಹುಳು ಸಾಕಿ ಮುಗಿಸುವವರೆಗೂ ಬಂದು ಹುಳುಮನೆಯಲ್ಲಿ ಕೂತಳು. ತಲೆ ಎತ್ತಿಕೊಂಡು ಅಲುಗದೆ ಕೂತ ಹುಳುವಿನ ಎದುರಿಗೆ ಅವಳೂ ಅಲುಗದೆ ಕೂರುತ್ತಿದ್ದಳು. ಸೊಪ್ಪು ಹಾಕಲು ಅಡ್ಡ, ತಟ್ಟೆ ಎತ್ತಲು ಅಡ್ಡ. “ಎದ್ದೇಳಮ್ಮ, ಕಾಲಿಗೆ ಸಿಗ್ತೀಯ” ಎಂದು ದಿನಕ್ಕೆ ಹತ್ತು ಸಲ ಹೇಳಬೇಕಿತ್ತು. ಒಂದು ದಿನ ಕೇಳಿದೆ.

“ಚಿಟ್ಟೆ ಹೆಂಗೆ ಮಾಡ್ತೀಯ?”

“ಆರು ಜನ ಮಕ್ಕಳು. ಬಣ್ಣದ ರೆಕ್ಕೆ. ಸ್ಟೇಜ್ ತುಂಬ ಹಾರಾಡ್ತಾರೆ.”

“ಅದ್ಯಾವ ಚಿಟ್ಟೆ ತಾಯಿ? ನಮ್ಮ ಚಿಟ್ಟೆ ಹಾರಲ್ಲ. ಕೂತಲ್ಲೇ ರೆಕ್ಕೆ ಅದುರಿಸತ್ತೆ, ಅಷ್ಟೇ.”

ಅವಳು ನಂಬಲಿಲ್ಲ. ಅವಳನ್ನು ಅನ್ನುವ ಹಾಗಿಲ್ಲ, ನಾನೂ ಚಿಟ್ಟೆಯನ್ನು ಸರಿಯಾಗಿ ಕೂತು ನೋಡಿದವಳಲ್ಲ. ಗೂಡಾದ ಐದಾರು ದಿನಕ್ಕೆ ಬಿಡಿಸಿ ಮಾರ್ಕೆಟ್ಟಿಗೆ ಹಾಕುತ್ತೇವೆ. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ, ನೂಲು ತೆಗೆಯುವ ರೀಲರು ಮುಟ್ಟುವುದಿಲ್ಲ. ಹಾಗಾಗಿ ಮೂವತ್ತೆಂಟು ವರ್ಷದಲ್ಲಿ ಯಾವ ಬೆಳೆಯನ್ನೂ ಕೊನೆಯವರೆಗೆ ಇಟ್ಟುಕೊಂಡಿಲ್ಲ. ಚಂದ್ರಿಕೆಯ ಸಂದಿನಲ್ಲಿ ಮರೆತುಹೋದ ಗೂಡಿನಿಂದ ಬಂದ ಒಂದೊಂದು ಚಿಟ್ಟೆಯನ್ನು ಕಸ ಗುಡಿಸುವಾಗ ಕಂಡಿದ್ದೆ.

ಅವಳಿಗಾಗಿ ಒಂದೇ ಒಂದು ಗೂಡನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಹನ್ನೆರಡನೆಯ ದಿನ ಬೆಳಗಿನ ಕಾಫಿ ಹೊತ್ತಿಗೆ ಗೂಡಿನ ತುದಿ ಒದ್ದೆಯಾಯಿತು. ಚಿಟ್ಟೆ ತಲೆ ಹಾಕಿತು. ಮೈಯೆಲ್ಲ ತೇವ, ರೆಕ್ಕೆ ಮುದುಡಿಕೊಂಡು ಹಿಂಡಿದ ಬಟ್ಟೆಯ ಹಾಗೆ. ಹೊರಗೆ ಬಂದು ಅಲ್ಲೇ ಕೂತು ಅದುರತೊಡಗಿತು. ನನ್ನ ಕಾಫಿ ಆರಿತು. ಪವಿತ್ರ ಕುಕ್ಕರುಗಾಲಿನಲ್ಲಿ ಕೂತವಳು ಏಳಲೇ ಇಲ್ಲ. ಕೊನೆಗೆ, “ಇದನ್ನೇ ಮಾಡ್ತೀನಿ ಕದಿರಮ್ಮ. ನಾನೊಬ್ಬಳೇ ಮಾಡ್ತೀನಿ” ಎಂದಳು.

ಹೀಗೆ ಚಿಟ್ಟೆಯ ಭಾಗ ನನ್ನ ಮಾತಿನ ಮೇಲೆ ಬದಲಾಯಿತು. ಏಳು ನಿಮಿಷ ಮಂಡಿ ಬಗ್ಗಿಸಿ ಅರ್ಧ ಕೂತು, ಪಾದ ಇದ್ದಲ್ಲೇ ಇಟ್ಟು, ತೋಳು ಮಾತ್ರ ಅದುರಿಸುವುದು. ಅಭ್ಯಾಸ ಮಾಡುವಾಗ ತೋರಿಸು ಎಂದರೆ ತೋರಿಸಲಿಲ್ಲ. “ಲೈಟಿಲ್ದೆ ಅದು ಏನೂ ಅಲ್ಲ. ಸ್ಟೇಜ್ ಮೇಲೇ ನೋಡಿ” ಎಂದು ಬಾಗಿಲು ಹಾಕಿಕೊಂಡಳು.

ಆ ಸ್ಟೇಜಿಗೆ ಅನಂತರಾಮಯ್ಯನವರು ಬಿಡಬೇಕಲ್ಲ!

ಅನಂತರಾಮಯ್ಯನವರು ನಿವೃತ್ತ ಮೇಷ್ಟ್ರು. ಈ ಕಡೆ ಎಲ್ಲಿ ಕಾರ್ಯಕ್ರಮವಾದರೂ ಮೈಕು ಅವರದು. ಚಿಂತಾಮಣಿಯಲ್ಲಿ ಗೂಡಿನ ಭಾಗ ನಡೆಯುತ್ತಿದ್ದಾಗ ತಡವಾಗಿ ಬಂದ ಮುಖ್ಯ ಅತಿಥಿಯನ್ನು ಕಂಡು ಹಾಡು ನಿಲ್ಲಿಸಿದರು. ದಾರ ಸುತ್ತಿಕೊಂಡ ಹುಡುಗಿಯರ ನಡುವೆ ಅತಿಥಿಯನ್ನು ನಿಲ್ಲಿಸಿ ಶಾಲು, ಏಲಕ್ಕಿ ಹಾರ, ಪೇಟ. ಅತಿಥಿ ಮಾತಾಡಿ ಮುಗಿಸುವ ಹೊತ್ತಿಗೆ ಬಸ್ಸಿನ ವೇಳೆಯಾಯಿತೆಂದು ತಾಯಂದಿರು ಹುಳುಗಳನ್ನು ದಾರದ ಸಮೇತ ಎತ್ತಿಕೊಂಡು ಹೋದರು. ಗೌರಿಬಿದನೂರಿನಲ್ಲಿ, “ಒಂದು ನಿಮಿಷ, ಒಂದು ನಿಮಿಷ” ಎಂದು ಹಾಡು ನಿಲ್ಲಿಸಿ, ಯಾರದೋ ಬಿಳಿ ಕಾರು ದಾರಿಗಡ್ಡ ನಿಂತಿದೆ ಎಂದು ಮೂರು ಸಲ ಹೇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಚಿಕ್ಕಬಳ್ಳಾಪುರದಲ್ಲಿ, ಗೂಡು ಆದ ಕೂಡಲೆ ಮಕ್ಕಳಿಗೆ ಪ್ರಮಾಣಪತ್ರ ಕೊಟ್ಟುಬಿಡೋಣ ಎಂದು ತಂದೆತಾಯಿಗಳನ್ನು ವೇದಿಕೆಗೆ ಕರೆದರು. ಅವರು ಇಳಿಯಲಿಲ್ಲ. ಪವಿತ್ರ ಪರದೆಯ ಹಿಂದೆ ಮಂಡಿ ಬಗ್ಗಿಸಿಕೊಂಡು ಕಾದಳು.

ನೋಡಿದಷ್ಟರಲ್ಲಿ ಕುಣಿಯುವ ಮಕ್ಕಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಅಮೃತ ಮೊದಲನೇ ಹುಳು. ಅವಳ ಕತ್ತು ಒಳ್ಳೆಯದು. ಹಣ್ಣು ಹುಳು ತಲೆ ಎತ್ತಿ ಜಾಗ ಹುಡುಕುವುದನ್ನು ಬಲ್ಲಳು. ತನುಜ ಎರಡನೇ ಹುಳು. ಕಾಲು ಚುರುಕು, ಕಣ್ಣು ನಿಲ್ಲದು. ಜ್ವರಕ್ಕೆ ಕೂತ ಹುಳು ತನ್ನ ತಾಯಿ ಎಲ್ಲಿ ಕೂತಿದ್ದಾಳೆ ಎಂದು ನೋಡುತ್ತದೆಯೇ? ಎರಡು ಸಲ ಹೇಳಿ ಸಾಕಾಗಿ, ಮೂರನೇ ಸಲ ತಾಯಿಗೇ ಹೇಳಿದೆ, ಕಂಬದ ಹಿಂದೆ ಕೂತ್ಕೊಳಮ್ಮ ಎಂದು. ಅವತ್ತು ತನುಜ ಇಡೀ ಸಭೆಯನ್ನು ಹುಡುಕಿದಳು. ಇನ್ನು ಫೋನು ಹಿಡಿದು ಮುಂದೆ ಬಂದು ನಿಲ್ಲುವ ತಂದೆಗಳ ಬೆನ್ನು ನಾನು ನೋಡಿದಷ್ಟು ಬೇರೆ ಯಾರೂ ನೋಡಿರಲಾರರು.

ಈ ವರ್ಷ ಮಾಘದಲ್ಲಿ ಪವಿತ್ರ ಮತ್ತೆ ಮನೆಗೆ ಬಂದಳು. ಮೆಟ್ಟಿಲ ಮೇಲೆ ಕೂರಲಿಲ್ಲ, ಕುರ್ಚಿ ಕೇಳಿದಳು.

“ಮಂಡಿ ಸವೆದಿದೆಯಂತೆ ಕದಿರಮ್ಮ. ಡಾಕ್ಟ್ರು ಕುಕ್ಕರುಗಾಲಲ್ಲಿ ಕೂರಲೇಬೇಡ ಅಂದವ್ರೆ. ಮುಂದಿನ ತಿಂಗಳು ಶಿಡ್ಲಘಟ್ಟದಲ್ಲಿ ಒಂದ್ಸಲ ಮಾಡ್ತೀನಿ. ಆಮೇಲೆ ಇಲ್ಲ.”

“ಡಾಕ್ಟ್ರು ಬೇಡ ಅಂದ್ಮೇಲೆ ಯಾಕೆ ಮಾಡ್ತೀಯ?”

“ಒಂದ್ಸಲನಾದ್ರೂ ಪೂರ್ತಿ ಆಗ್ಬೇಡ್ವಾ?”

ಚಿಟ್ಟೆ ಹಾರಲ್ಲ ಎಂದು ನಾನು ಹೇಳದೆ ಇದ್ದಿದ್ದರೆ ಆರು ಮಕ್ಕಳು ಹಾರಾಡಿಕೊಂಡು ಇರುತ್ತಿದ್ದರು, ಇವಳ ಮಂಡಿ ಉಳಿಯುತ್ತಿತ್ತು. ಅದು ನನ್ನ ತಲೆಯಿಂದ ಹೋಗಲಿಲ್ಲ. ಮಾರನೆಯ ದಿನವೇ ಅನಂತರಾಮಯ್ಯನವರ ಮನೆಗೆ ಹೋದೆ.

“ಮೇಷ್ಟ್ರೇ, ನಿಮ್ಮ ಶಾಲು ಪೇಟ ಎಲ್ಲಾ ಮೊದ್ಲೇ ಮುಗಿಸ್ಕೊಬಿಡಿ. ಬ್ಯಾಲೆ ಶುರು ಆದ್ಮೇಲೆ ನೀವು ಎದ್ದೇಳಂಗಿಲ್ಲ.”

“ಅಯ್ಯೋ, ನಾನ್ಯಾಕಮ್ಮ ಏಳಲಿ? ನಾನು ಕಲೆಗೇ ಬಾಳು ಸವೆಸಿದೋನು.”

“ಮಾತು ಕೊಡ್ತೀರಾ?”

“ಕೊಟ್ಟೆ.”

ಶಿಡ್ಲಘಟ್ಟದ ಆ ಬಯಲು ರಂಗಮಂದಿರಕ್ಕೆ ಎಡಗಡೆ ಒಂದೇ ಮೆಟ್ಟಿಲು ಸಾಲು. ಹನ್ನೊಂದು ವರ್ಷದ ಹಿಂದೆ ನಾನು ಹತ್ತಿದ್ದು ಅದನ್ನೇ. ಅದರ ಪಕ್ಕದ ಕುರ್ಚಿಯಲ್ಲಿ ಕೂತೆ. ಹಾರ ತಂದಿರಲಿಲ್ಲ. ಮೊಟ್ಟೆ ಒಡೆಯಿತು. ನಾಲ್ಕು ಜ್ವರವೂ ಸರಿಯಾಗಿ ಬಂದವು, ಯಾರೂ ಸೊಪ್ಪು ಮುಟ್ಟಲಿಲ್ಲ. ತನುಜ ಕೂಡ ಕಣ್ಣು ಮುಚ್ಚಿ ಕೂತಳು. ಗೂಡಾಯಿತು. ಮಕ್ಕಳು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ತಮ್ಮ ಮಕ್ಕಳದು ಮುಗಿಯಿತೆಂದು ತಂದೆಗಳು ಫೋನು ಜೇಬಿಗೆ ಹಾಕಿಕೊಂಡು ಕೂತರು. ಮೊದಲ ಬಾರಿಗೆ ನನಗೆ ವೇದಿಕೆ ಪೂರ್ತಿ ಕಾಣಿಸಿತು. ನಡುವೆ ಒಂದು ಬಿಳಿ ಗೂಡು. ಲೈಟು ಸಣ್ಣಗಾಯಿತು.

ಆಗ ಪಕ್ಕದಲ್ಲಿ ಸದ್ದಾಯಿತು. ನೋಡಿದರೆ ಅನಂತರಾಮಯ್ಯನವರು, ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ಮೈಕು. ಅವರ ಹಿಂದೆ ಬೆವರು ಒರೆಸಿಕೊಳ್ಳುತ್ತ ಆಗ ತಾನೆ ಬಂದ ಅತಿಥಿ.

ನಾನು ಎದ್ದೆ. ಎರಡನೇ ಮೆಟ್ಟಿಲ ಮೇಲೆ ಅವರ ಕಡೆ ಮುಖ ಮಾಡಿ ಕೂತು, ಸೀರೆ ಹರಡಿಕೊಂಡೆ.

“ಜರುಗಮ್ಮ,” ಎಂದು ಮೇಷ್ಟ್ರು ಪಿಸುಗುಟ್ಟಿದರು.

“ಮಾತು ಕೊಟ್ಟಿದ್ರಿ.”

“ಅವರು ಈಗ ಬಂದವ್ರೆ, ನಾನೇನ್ ಮಾಡ್ಲಿ? ಒಂದೇ ನಿಮಿಷ ಕಣಮ್ಮ. ಮರ್ಯಾದೆ ಪ್ರಶ್ನೆ.”

“ನಾನೂ ಒಂದೇ ನಿಮಿಷ ಅಂತ ಇದೇ ಮೆಟ್ಲು ಹತ್ತಿದೋಳು. ಹನ್ನೊಂದು ವರ್ಷ ಆಯ್ತು, ಇನ್ನೂ ಆ ನಿಮಿಷ ಮುಗಿದಿಲ್ಲ. ಕೂತ್ಕೊಳಿ.”

“ವಯಸ್ಸಾದೋರು ಹಿಂಗ್ ಮಾಡ್ಬಾರ್ದು.”

“ನಿಮಗೇನ್ ಹದಿನಾರಾ? ಮೈಕ್ ಇಲ್ಲಿ ಕೊಡಿ.”

ಕೈಯಿಂದ ಮೈಕು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡೆ. ಅವರು ನನ್ನನ್ನು ದಾಟಬಹುದೇ ಎಂದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತಿರುಗಿ ನೋಡುವ ಆಸೆ ನನಗೆ ಎಷ್ಟಿತ್ತು ಎಂದು ಹೇಳಲಾರೆ. ಆದರೆ ನಾನು ಕತ್ತು ತಿರುಗಿಸಿದರೆ ಈ ಮನುಷ್ಯ ನನ್ನ ಸೀರೆ ದಾಟಿ ಶಾಲು ಹೊದಿಸಿಬಿಡುತ್ತಾರೆ ಎಂಬುದು ಖಂಡಿತ. ಹಿಂದೆ ಹಾಡು ಶುರುವಾಯಿತು. ಒಂದು ಕೊಳಲು, ಒಂದು ಮೃದಂಗ. ಅತಿಥಿ ಪಾಪ, “ಇರಲಿ ಬಿಡಿ ಸಾರ್” ಎಂದು ಅಲ್ಲೇ ನಿಂತರು. ಅವರ ಕಣ್ಣು ನನ್ನ ತಲೆಯ ಮೇಲಿಂದ ಹಾದು ಹೋಗಿ ವೇದಿಕೆಯ ಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಅನಂತರಾಮಯ್ಯನವರೂ ಆ ಕಡೆ ನೋಡಿದರು. ಕೈಯಲ್ಲಿದ್ದ ಶಾಲು ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ.

ನಾನು ಕೇಳಿಸಿಕೊಂಡೆ. ಗೆಜ್ಜೆ ಹೆಜ್ಜೆಗೆ ನುಡಿಯುವ ಹಾಗೆ ನುಡಿಯಲಿಲ್ಲ. ಪಾದ ಎತ್ತದೆ ಮೈ ಅದುರಿದಾಗ ಬರುವ ಸಣ್ಣ ಸದ್ದು, ಹುಳು ಸೊಪ್ಪು ತಿನ್ನುವಾಗ ತಟ್ಟೆಯಿಂದ ಬರುತ್ತದಲ್ಲ, ಅಷ್ಟೇ ಸಣ್ಣದು. ನಾಲ್ಕು ಸಲ ನಿಂತಿತು. ನಾಲ್ಕನೇ ಸಲ ಬಹಳ ಹೊತ್ತು ನಿಂತಿತು, ಮಂಡಿ ಹೋಯಿತೇನೋ ಎಂದುಕೊಂಡೆ. ಮತ್ತೆ ಬಂತು. ಆಮೇಲೆ ಮೃದಂಗವೂ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ತಿರುಗಿದಾಗ ಪರದೆ ಬಿದ್ದಿತ್ತು.

ಒಳಗೆ ಹೋದೆ. ಪವಿತ್ರ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅಂಬರೀಶ ಮಂಡಿಗೆ ಐಸು ಒತ್ತುತ್ತಿದ್ದ.

“ಪೂರ್ತಿ ಆಯ್ತು ಕದಿರಮ್ಮ! ನೋಡಿದ್ರಾ?”

“ಕೇಳಿಸ್ಕೊಂಡೆ. ಮೆಟ್ಲು ಕಾಯ್ತಿದ್ದೆ.”

ಅವಳ ನಗು ನಿಂತಿತು. “ಇವ್ರೇನಾದ್ರೂ ವಿಡಿಯೋ?” ಎಂದು ಗಂಡನ ಕಡೆ ನೋಡಿದಳು. ಆ ಏಳು ನಿಮಿಷ ಅವನ ಎರಡು ಕೈಯೂ ಲ್ಯಾಪ್‌ಟಾಪಿನ ಮೇಲಿದ್ದವು. ತಂದೆಗಳೆಲ್ಲ ತಮ್ಮ ತಮ್ಮ ಮಕ್ಕಳನ್ನು ಹಿಡಿದಿದ್ದರು, ಮಕ್ಕಳಿಲ್ಲದ ಭಾಗ ಯಾರ ಫೋನಿನಲ್ಲೂ ಇರಲಿಲ್ಲ. “ಇನ್ನೊಂದ್ಸಲ ಮಾಡ್ತೀನಿ, ಇಲ್ಲೇ, ನಿಮಗೊಬ್ಬರಿಗೇ” ಎಂದು ಏಳಲು ಹೋದಳು.

“ಕೂತ್ಕೊ ಸುಮ್ನೆ. ಎದ್ರೆ ನೋಡು. ಆಗ್ಬೇಕಾಗಿದ್ದು ಆಯ್ತಲ್ಲ.”

ಹೊರಗೆ ಬಂದೆ. ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಇಡುತ್ತಿದ್ದರು. ಅನಂತರಾಮಯ್ಯನವರು ಇನ್ನೂ ಮೆಟ್ಟಿಲ ಹತ್ತಿರವೇ ಇದ್ದರು. ಶಾಲಿನ ಧೂಳು ಒದರುತ್ತ ನನ್ನನ್ನು ಕಂಡು ಹತ್ತಿರ ಬಂದರು.

“ಎಂಥಾ ಚಿಟ್ಟೆ ಕಣಮ್ಮ! ಇಡೀ ಸ್ಟೇಜ್ ಹಾರಾಡಿಬಿಡ್ತು!”

“ಅದು ಹಾರಲ್ಲ ಮೇಷ್ಟ್ರೇ.”

“ಹಾರಿದಂಗೇ ಇತ್ತಲ್ಲ...”

“ಪಾದ ಎತ್ತಿದ್ಳಾ?”

ಅವರು ಯೋಚಿಸಿದರು. “ಇಲ್ಲ. ಎತ್ತಲಿಲ್ಲ.”

ಎತ್ತಿಟ್ಟಿದ್ದ ಎರಡು ಕುರ್ಚಿಗಳನ್ನು ನಾನು ಕೆಳಗಿಳಿಸಿದೆ. ಒಂದರಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ನಾನು ಕೂತೆ. ಮಾತಾಡಲು ಅಭ್ಯಾಸಬಲದಿಂದ ಕೈ ಚಾಚಿದರು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು, ಕೊಡಲಿಲ್ಲ.

“ಗೂಡಿಂದ ಮೊದ್ಲು ಏನು ಆಚೆ ಬಂತು, ತಲೆನೋ ಕೈನೋ?” ಎಂದು ಕೇಳಿದೆ. “ನಿಧಾನವಾಗಿ ಹೇಳಿ. ಒಂದೂ ಬಿಡಬೇಡಿ, ಒಂದೂ ಸೇರಿಸಬೇಡಿ.”